ನಡುವಿನ ಹಲಗೆಯ ಫೋಟೋ ಫ್ರೇಮು

ಹಳೆಯ ಮೌಸು ಮಾರಿದರೆ ಎರಡು ಲೋಟ ಚಹಾಕ್ಕಾಗುತ್ತಿತ್ತು. ಕೀಬೋರ್ಡಿಗೆ ಒಂದು ಹೊತ್ತಿನ ಊಟ, ಮಾನಿಟರಿಗೆ ವಾರದ ತರಕಾರಿ. ಹಾರ್ಡ್‌ಡಿಸ್ಕ್ ಮಾರಿದರೆ ತಿಂಗಳ ಹಾಲಿನ ಬಾಕಿ ತೀರುತ್ತಿತ್ತು. ಆದರೆ ಅದಕ್ಕೆ ಒಂದು ತಿಂಗಳು ಕಾಯಬೇಕಿತ್ತು.

ಕಾಯುವ ನಿಯಮ ಅಂಗಡಿಯವನ ಹೆಂಡತಿಯದು. ಹಳೆಯ ಕಂಪ್ಯೂಟರ್ ಸಾಮಾನು ಕೊಂಡು ಮಾರುವ ಆ ಅಂಗಡಿಯ ಗೋಡೆಗೆ ಮೂರು ಹಲಗೆ ಹೊಡೆಸಿದವಳೂ ಅವಳೇ. ಮೇಲಿನದು ಇನ್‌ಪುಟ್. ಕೀಬೋರ್ಡು, ಮೌಸು, ಮೈಕು, ಸ್ಕ್ಯಾನರ್, ಅಂದರೆ ನಾವು ಹೇಳಿದ್ದನ್ನು ಯಂತ್ರದೊಳಕ್ಕೆ ಕಳಿಸುವಂಥವು. ನಡುವಿನದು ಔಟ್‌ಪುಟ್. ಮಾನಿಟರ್, ಪ್ರಿಂಟರ್, ಸ್ಪೀಕರ್, ಒಳಗಿನದನ್ನು ಹೊರಗೆ ತೋರಿಸುವ, ಕೇಳಿಸುವಂಥವು. ಕೆಳಗಿನದು ಸ್ಟೋರೇಜ್. ಹಾರ್ಡ್‌ಡಿಸ್ಕು, ಪೆನ್‌ಡ್ರೈವು, ಮೆಮೊರಿ ಕಾರ್ಡು. ಮೇಲಿನ ಎರಡು ಹಲಗೆಯ ಸಾಮಾನನ್ನು ಬಂದ ದಿನವೇ ಮಾರಬಹುದು. ಕೆಳಗಿನದನ್ನು ಒಂದು ತಿಂಗಳು ಮುಟ್ಟುವ ಹಾಗಿಲ್ಲ.

"ಮೌಸ್ ಮಾರಿದೋರು ಯಾರೂ ಅತ್ಕೊಂಡು ವಾಪಸ್ ಬರಲ್ಲ ರೀ," ಎನ್ನುತ್ತಿದ್ದಳು ಅವಳು. "ಬರೋದು ಕೆಳಗಿನ ಹಲಗೆಗೇ."

ಒಂದು ಬೆಳಿಗ್ಗೆ ಗುರುತಿಲ್ಲದ ಯುವಕನೊಬ್ಬ ರಟ್ಟಿನ ಪೆಟ್ಟಿಗೆ ತಂದಿಳಿಸಿದ. ಎರಡು ಕೀಬೋರ್ಡು, ಒಡಕು ದನಿಯ ಸ್ಪೀಕರು, ಜೊತೆಗೊಂದು ಡಿಜಿಟಲ್ ಫೋಟೋ ಫ್ರೇಮು. ಕರೆಂಟು ಕೊಟ್ಟರೆ ಒಂದಾದ ಮೇಲೊಂದು ಫೋಟೋ ತೋರಿಸುತ್ತದಲ್ಲ, ಅಂಥದ್ದು. ಅದರ ಸುತ್ತ ಯಾರೋ ನೀಲಿ ಬಟ್ಟೆಯ ಅಂಚು ಹೊಲಿದು ತೊಡಿಸಿದ್ದರು. ಅಂಗಡಿಯವ ಫ್ರೇಮನ್ನು ನಡುವಿನ ಹಲಗೆಗೆ ಇಟ್ಟ.

"ಅದು ಬರೀ ತೋರಿಸಲ್ಲ, ಒಳಗೆ ಇಟ್ಕೊಂಡೂ ಇರತ್ತೆ," ಎಂದಳು ಹೆಂಡತಿ, ವೈರು ಸುತ್ತುತ್ತಾ. "ಕೆಳಗಿಡಿ."

"ಕನ್ನಡೀನೂ ನನ್ನ ಮುಖ ತೋರಿಸತ್ತೆ. ಅದನ್ನೂ ಒಂದು ತಿಂಗ್ಳು ಕೂಡಿಡ್ಲಾ?"

"ಆ ಮುಖಾನ ಯಾರೂ ಕೇಳ್ಕೊಂಡು ಬರಲ್ಲ, ಬಿಡಿ," ಎಂದು ಅವಳು ನಕ್ಕಳು. ಮಾತು ಅಲ್ಲಿಗೇ ನಿಂತಿತು, ಫ್ರೇಮು ನಡುವಿನ ಹಲಗೆಯಲ್ಲೇ ಉಳಿಯಿತು.

ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಎದುರಿನ ಸಲೂನಿನವನು ಬಂದ. ಬಗೆಬಗೆಯ ಕಟಿಂಗಿನ ಫೋಟೋ ಗಿರಾಕಿಗಳಿಗೆ ತೋರಿಸಲು ಅವನಿಗೆ ಇಂಥದ್ದೇ ಬೇಕಿತ್ತು. ಕುರ್ಚಿಯಲ್ಲಿ ಒಬ್ಬನನ್ನು ಸೋಪು ಹಚ್ಚಿ ಕೂರಿಸಿ ಬಂದಿದ್ದನಾದ್ದರಿಂದ ಅವಸರ ಮಾಡಿದ. ಅಂಗಡಿಯವ ಫ್ರೇಮನ್ನು ಚಾಲೂ ಮಾಡಿದ. ಹಳದಿ ಫ್ರಾಕಿನ ಹುಡುಗಿಯೊಬ್ಬಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋದಳು. ಅಂಗಡಿಯವ 'ಎಲ್ಲ ಅಳಿಸು' ಒತ್ತಿದ. ಸಲೂನಿಗೆ ನೀಲಿ ಅಂಚು ಒಪ್ಪುವುದಿಲ್ಲವೆಂದು ಬಿಚ್ಚಿ ಪಕ್ಕಕ್ಕೆಸೆದು ಫ್ರೇಮು ಮಾರಿದ.

ಮರುದಿನ ಬೀದಿಯ ಕೊನೆಯ ಟೈಲರಮ್ಮ ಏದುಸಿರು ಬಿಡುತ್ತಾ ಬಂದಳು.

"ಅಣ್ಣ, ನಮ್ಮ ಅಳಿಯ ಮನೆ ಕ್ಲೀನ್ ಮಾಡ್ತೀನಿ ಅಂತ ಏನೇನೋ ತಂದು ಕೊಟ್ಟಿದಾನಂತೆ. ಅದರಲ್ಲಿ ಒಂದು ಫೋಟೋ ಫ್ರೇಮ್ ಇತ್ತಾ?"

ಹೆಂಡತಿ ಹಿಂದಿನ ಮೇಜಿನಿಂದ ತಲೆಯೆತ್ತಿದಳು. ಅವಳ ಮುಂದೆ ನಿಯಮ ಮುರಿದದ್ದನ್ನು ಒಪ್ಪಿಕೊಳ್ಳಬೇಕಲ್ಲ ಎಂದುಕೊಂಡು ಅಂಗಡಿಯವ ಸುಳ್ಳು ಹೇಳಿಬಿಟ್ಟ.

"ಇಲ್ವಲ್ಲಮ್ಮ. ಕೀಬೋರ್ಡ್ ಬಂದಿತ್ತು, ಸ್ಪೀಕರ್ ಬಂದಿತ್ತು. ಫ್ರೇಮ್ ಎಲ್ಲಿ ಬಂತು?"

ಫ್ರೇಮು ಬಂದದ್ದನ್ನು ಹೆಂಡತಿಯೂ ನೋಡಿದ್ದಳೆಂಬುದು ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಟೈಲರಮ್ಮ ಅವನ ಕೈ ನೋಡುತ್ತಿದ್ದಳು. ಅವನೂ ನೋಡಿಕೊಂಡ. ಬೆಳಿಗ್ಗೆಯಿಂದ ಕೀಬೋರ್ಡುಗಳ ದೂಳು ಒರೆಸುತ್ತಿದ್ದದ್ದು ಆ ನೀಲಿ ಬಟ್ಟೆಯಲ್ಲೇ.

"ಆ ಹೊಲಿಗೆ ನಂದು ಅಣ್ಣ," ಎಂದಳು ಮೆಲ್ಲಗೆ.

ಬೈದಿದ್ದರೆ ಅವನೂ ಏನಾದರೂ ಬಾಯಿ ಮಾಡುತ್ತಿದ್ದ. ಅವಳು ಬೈಯಲಿಲ್ಲ. ಅವನಿಗೆ ಬಟ್ಟೆಯನ್ನು ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಂಡಿರಲೂ ಆಗಲಿಲ್ಲ.

ಹೆಂಡತಿ ಎದ್ದು ಬಂದಳು. "ಎಲ್ಲಿಗೆ ಕೊಟ್ರಿ? ಹೇಳಿ."

"ಸಲೂನಿಗೆ."

ಮೂವರೂ ರಸ್ತೆ ದಾಟಿದರು. ಕನ್ನಡಿಯ ಪಕ್ಕ ಫ್ರೇಮು ಹೊಳೆಯುತ್ತಿತ್ತು. ಒಬ್ಬನ ಬೋಳು ತಲೆ, ಇನ್ನೊಬ್ಬನ ಗುಂಗುರು ಕೂದಲು.

"ಇದರಲ್ಲಿ ಮೊದಲಿದ್ದ ಫೋಟೋ?" ಎಂದಳು ಟೈಲರಮ್ಮ.

"ನನ್ನ ಕೇಳ್ಬೇಡಿ ತಾಯಿ. 'ಎಲ್ಲಾ ಅಳಿಸಿ ತೊಳೆದ ಪಾತ್ರೆ ಥರ ಕೊಡ್ತಿದೀನಿ' ಅಂದಿದ್ದು ಈ ಅಣ್ಣಾನೇ," ಎಂದ ಸಲೂನಿನವನು. ಅರ್ಧ ಗಡ್ಡ ತೆಗೆಸಿಕೊಂಡು ಕೂತಿದ್ದವನೂ ಕನ್ನಡಿಯಲ್ಲೇ ಅಂಗಡಿಯವನ ಮುಖ ನೋಡಿದ. ಸಲೂನಿನ ಮೂರು ಗೋಡೆಗೂ ಕನ್ನಡಿ. ಅಂಗಡಿಯವ ಎತ್ತ ತಿರುಗಿದರೂ ತನ್ನ ಮುಖವೇ ಎದುರಾಗುತ್ತಿತ್ತು.

ಟೈಲರಮ್ಮ ಸ್ಟೂಲಿನ ಮೇಲೆ ಕುಳಿತಳು. "ಹೊಲಿದ ಬಟ್ಟೇನ ಕೊಡೋಕೆ ಮುಂಚೆ ಒಂದು ಫೋಟೋ ತೆಗೆದು ಇದಕ್ಕೆ ಹಾಕಿಡ್ತಿದ್ದೆ. ಬಟ್ಟೆ ಗಿರಾಕಿ ಜೊತೆ ಹೊರಟು ಹೋಗತ್ತೆ. ಇಷ್ಟು ವರ್ಷ ದುಡಿದದ್ದಕ್ಕೆ ನನ್ನ ಹತ್ರ ಉಳಿದಿದ್ದು ಅದೊಂದೇ." ಆಮೇಲೆ ಅಂಗಡಿಯವನ ಹೆಂಡತಿಯ ಕಡೆ ತಿರುಗಿದಳು. "ನಿಮ್ಮ ಮಗಳದ್ದೂ ಇತ್ತು ತಂಗಿ. ಸ್ಕೂಲ್ ನಾಟಕಕ್ಕೆ ಹೊಲಿದಿದ್ನಲ್ಲ, ಹಳದಿ ಫ್ರಾಕು."

ಕಣ್ಣೆದುರು ಬಂದು ಹೋದ ಹಳದಿ ಫ್ರಾಕು ಅಂಗಡಿಯವನಿಗೆ ನೆನಪಾಯಿತು. ಸ್ವಂತ ಮಗಳ ಮುಖ ಗುರುತು ಹಿಡಿಯದಷ್ಟು ಅವಸರ ಅವನಿಗೆ ಏನಿತ್ತು?

ಸಲೂನಿನವನ ದುಡ್ಡು ಹಿಂದಿರುಗಿಸಿ ಫ್ರೇಮು ತಂದ. ಅಳಿಸಿದ್ದನ್ನು ಮರಳಿ ಹುಡುಕುವ ಉಪಾಯ ಅವನಿಗೆ ತಿಳಿದಿತ್ತು. ಆದರೆ ಹಳೆಯ ಫೋಟೋಗಳಿದ್ದ ಜಾಗದಲ್ಲಿ ಸಲೂನಿನ ತಲೆಗಳು ಕೂತುಬಿಟ್ಟಿದ್ದವು. ಪಟ್ಟು ಬಿಡದೆ ಕೂತು ಹುಡುಕಿದಾಗ ಬೆರಳೆಣಿಕೆಯಷ್ಟು ಸಿಕ್ಕವು. ಒಂದು ಕೋಟು, ಎರಡು ಸ್ಕೂಲ್ ಯೂನಿಫಾರಂ, ತೋಳು ಮಾತ್ರ ಕಾಣುವ ಯಾವುದೋ ಅಂಗಿ. ಹಳದಿ ಫ್ರಾಕು ಸಿಗಲಿಲ್ಲ.

ನೀಲಿ ಅಂಚನ್ನು ಹೆಂಡತಿ ಒಗೆದು ಇಸ್ತ್ರಿ ಮಾಡಿದಳು. ಅದನ್ನು ಫ್ರೇಮಿಗೆ ತೊಡಿಸಿ ಅಂಗಡಿಯವನೇ ತೆಗೆದುಕೊಂಡು ಹೋದ. "ನಾನು ಅವತ್ತು ಸುಳ್ಳು ಹೇಳಿದೆನಮ್ಮ," ಎಂದ. ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸದೆ "ಅಲ್ಲಿಡಿ ಅಣ್ಣ" ಎಂದಳು.

ಅಂಗಡಿಯವನ ಮನೆಯ ಬಟ್ಟೆಗಳನ್ನು ಅವಳು ಈಗಲೂ ಹೊಲಿಯುತ್ತಾಳೆ. ಮೊದಲು ಅಂಗಡಿಯವನ ಅಳತೆ ತೆಗೆಯುವಾಗ ಹೊಟ್ಟೆ ಬಂತೆಂದು ರೇಗಿಸುತ್ತಿದ್ದಳು. ಈಗ ಟೇಪು ಹಿಡಿಯುತ್ತಾಳೆ, ಬರೆದುಕೊಳ್ಳುತ್ತಾಳೆ, ಯಾವಾಗ ಬರಬೇಕೆಂದು ಹೇಳುತ್ತಾಳೆ. ಫ್ರೇಮು ಮತ್ತು ನಾಲ್ಕು ಫೋಟೋ ಅವಳಿಗೆ ಸಿಕ್ಕವು. ಆ ರೇಗಿಸುವ ಮಾತು ಅವನಿಗೆ ಮತ್ತೆ ಸಿಗಲಿಲ್ಲ.