ದಾಕ್ಷಾಯಣಮ್ಮನವರ ಕಳ್ಳಾಟ

ಮಾನ್ಯ ವಾಚಕ ಮಹಾಶಯರೇ, ಗೌರವಸ್ಥ ಮಹಿಳೆಯೊಬ್ಬರು ತಮ್ಮನ್ನು ತಾವೇ ಮೋಸಗಾತಿಯೆಂದು ಸಾರಿಕೊಂಡ ಪ್ರಸಂಗವನ್ನು ತಮ್ಮ ಮುಂದೆ ನಿವೇದಿಸಲು ಹೊರಟಿದ್ದೇನೆ. ಅವರು ಮೋಸ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿದರೆ ಕತೆಯ ಸ್ವಾರಸ್ಯ ಕೆಡುವುದೆಂದು ಯಾರಾದರೂ ಆಕ್ಷೇಪಿಸುವುದಾದರೆ, ಕೆಡಲಿ. ಅವರ ಹೆಸರು ಇನ್ನೊಂದು ಪುಟದಷ್ಟು ಹೊತ್ತು ಕೆಟ್ಟಿರುವುದು ನನಗೆ ಸಮ್ಮತವಲ್ಲ.

ಹಳೆಯ ಕಾದಂಬರಿಗಳನ್ನು ಚೀಲದಲ್ಲಿ ಹೊತ್ತು ಮಾರುವುದು ನನ್ನ ಕಸುಬು, ಮಾರುವ ಮೊದಲು ಓದುವುದು ನನ್ನ ಚಟ. ಎಲ್ಲಿಯೂ ಬಹಳ ಕಾಲ ನಿಂತವನಲ್ಲ. ಆಗ ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಒಡತಿ ದಾಕ್ಷಾಯಣಮ್ಮನವರಿಗೆ ಎಪ್ಪತ್ತು ಸಮೀಪಿಸಿತ್ತು. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದು, ಮನೆಯ ಬಾಡಿಗೆ ವ್ಯವಹಾರವನ್ನೂ ತಾವೇ ನೋಡಿಕೊಳ್ಳುತ್ತಿದ್ದ ಮಗ ಕೈಲಾಸ್ ತಾಯಿಯನ್ನು ಬಹಳ ಪ್ರೀತಿಸುತ್ತಿದ್ದರು. ಆ ಪ್ರೀತಿಯಿಂದಲೇ ಮೊದಲು ಒಲೆ ಹಚ್ಚಬೇಡಿ ಎಂದಿದ್ದರು, ಆಮೇಲೆ ಮಹಡಿ ಹತ್ತಬೇಡಿ ಎಂದಿದ್ದರು. ಬೆಳಿಗ್ಗೆ ಒಬ್ಬರೇ ಗಾಂಧಿಬಜಾರಿಗೆ ನಡೆದು ಪೂಜೆಗೆ ಪತ್ರೆ, ಹೂವು ತರುವ ಸ್ವಾತಂತ್ರ್ಯವೊಂದೇ ಆಕೆಗೆ ಉಳಿದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಚೌಕಾಬಾರ. ಆಡುವವರು ದಾಕ್ಷಾಯಣಮ್ಮ, ಪಕ್ಕದ ಮನೆಯ ಚೂಡಾಮಣಿ, ವ್ಯಾಪಾರವಿಲ್ಲದ ದಿನ ನಾನು. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಲೆಕ್ಕ ಹೇಳುವ ಮೊದಲು ಕವಡೆ ಮುಟ್ಟುವಂತಿಲ್ಲ ಎಂಬುದು ಆ ಜಗುಲಿಯ ಕಟ್ಟಳೆ.

ಅಂದು ದಾಕ್ಷಾಯಣಮ್ಮ ಕವಡೆ ಎಸೆದು, ಬೀಳುವ ಸದ್ದಿಗೆ ತಲೆ ವಾಲಿಸಿ, ‘ಬಾರ’ ಎಂದರು. ಎಂಟು ಮನೆ ನಡೆಸಿ ಚೂಡಾಮಣಿಯ ಕೊನೆಯ ಕಾಯಿಯನ್ನು ಹೊಡೆದೇಬಿಟ್ಟರು. ನೆಲದ ಮೇಲೆ ನಾಲ್ಕೂ ಕವಡೆಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

“ಹಗಲು ಹೊತ್ತಲ್ಲೇ ಕಳ್ಳತನ ಮಾಡ್ತೀರಲ್ರೀ,” ಎಂದಳು ಚೂಡಾಮಣಿ. ಎಷ್ಟೋ ದಿನದಿಂದ ನೋಡುತ್ತಿದ್ದು, ದೊಡ್ಡವರೆಂದು ಬಾಯಿ ಮುಚ್ಚಿಕೊಂಡಿದ್ದಳಂತೆ. “ಕಣ್ಣು ಕಾಣ್ಸಲ್ವೋ, ಇಲ್ಲ ಮೋಸಾನೋ? ಒಂದು ಹೇಳ್ಬಿಡಿ.”

“ಕಣ್ಣು ನೆಟ್ಟಗಿದೆ ಕಣೆ. ಮೋಸಾನೇ ಮಾಡ್ದೆ. ಏನೀವಾಗ?”

ಇನ್ನು ಮೇಲೆ ಕಳ್ಳಿಯ ಜೊತೆ ಕೂರುವುದಿಲ್ಲವೆಂದು ಚೂಡಾಮಣಿ ಎದ್ದು ಹೋದಳು. ದಾಕ್ಷಾಯಣಮ್ಮ ತಲೆ ಎತ್ತಿಕೊಂಡೇ ಕವಡೆಗಳನ್ನು ಬಾಚಿಕೊಂಡರು. ಬಾಚುವಾಗ ಹೆಬ್ಬೆರಳಿನಿಂದ ಒಂದೊಂದರ ಬಾಯನ್ನೂ ಸವರಿ ನೋಡಿದ್ದನ್ನು ನಾನು ಗಮನಿಸಿದೆ.

ಮರುದಿನ ಬೆಳಿಗ್ಗೆ ಚೀಲ ಹೊತ್ತು ಹೊರಟವನಿಗೆ ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಆಕೆ ಕಂಡರು. ಕವಡೆ ಬೀಳುವಾಗ ವಾಲಿಸುತ್ತಿದ್ದಂತೆಯೇ ತಲೆ ವಾಲಿಸಿ ನಿಂತಿದ್ದರು. ಆಟೋಗಳು ಹೋದವು, ಟೆಂಪೋ ಹೋಯಿತು, ಸದ್ದು ಅಡಗಿತು. ಆಕೆ ರಸ್ತೆಗೆ ಕಾಲಿಟ್ಟರು. ಕರೆಂಟಿನ ಬಸ್ಸೊಂದು ಸದ್ದೇ ಇಲ್ಲದೆ ಮೈಮೇಲೆ ಬರುತ್ತಿತ್ತು. ಚೀಲ ಬಿಸುಟು ಓಡಿಹೋಗಿ ಆಕೆಯ ರಟ್ಟೆ ಹಿಡಿದು ಎಳೆದೆ. ಕಾದಂಬರಿಗಳು ರಸ್ತೆಯ ಪಾಲಾದವು; ಡ್ರೈವರು ಇಬ್ಬರನ್ನೂ ಬೈದು ಮುಂದೆ ಹೋದ.

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಆಕೆಯನ್ನು ಕೂರಿಸಿ, ಕಣ್ಣು ತೋರಿಸಲೇಬೇಕೆಂದೆ. ಆಕೆ ಮೊದಲು ಬಸ್ಸನ್ನು ಬೈದರು, ಬಳಿಕ ಅದನ್ನು ಮಾಡಿದವರನ್ನು.

“ಇಷ್ಟು ದಿನ ಕಿವಿ ನಂಬ್ಕೊಂಡು ದಾಟ್ದೆ. ಇನ್ನು ಆಗಲ್ಲ ಕಣಪ್ಪ.”

ಮಗನಿಗೆ ಹೇಳಿ ಎಂದೆ.

“ಹೇಳಿದ್ರೆ ಕಣ್ಣೂ ತೋರಿಸ್ತಾನೆ, ಗೇಟಿಗೆ ಬೀಗಾನೂ ಹಾಕ್ತಾನೆ. ಮೊದ್ಲು ಕನ್ನಡಕ ಬರ್ಲಿ, ಆಮೇಲೆ ನಾನೇ ಹೇಳ್ತೀನಿ. ನೀನು ಕರ್ಕೊಂಡು ಹೋಗು. ಹೇಗೂ ಊರೂರು ತಿರುಗೋನು, ನಿಂಗೆ ಯಾರ ಭಯ?”

ಕಣ್ಣಾಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಆಕೆ ಗತ್ತಿನಿಂದಲೇ ಓದತೊಡಗಿದರು. ಆಕೆ ಓದಿದ ಮೂರನೆಯ ಸಾಲಿನಲ್ಲಿ ಗೋಡೆಯ ಮೇಲೆ ಇಲ್ಲದ ಅಕ್ಷರಗಳೆಲ್ಲ ಇದ್ದವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ತಡೆದರು.

“ಅಜ್ಜಿ, ಇಲ್ಲಿ ಗೆಲ್ಲೋದು ಸೋಲೋದು ಏನೂ ಇಲ್ಲ. ಕಾಣ್ದೇ ಇದ್ರೆ ಕಾಣಲ್ಲ ಅನ್ನಿ.”

ದಾಕ್ಷಾಯಣಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. “ಕಾಣಲ್ಲ,” ಎಂದರು, ಜಗಳಕ್ಕೆ ಕರೆಯುವ ದನಿಯಲ್ಲಿ.

ಎರಡು ಕಣ್ಣಿನಲ್ಲೂ ಪೊರೆ ಶುರುವಾಗಿತ್ತು. ಸದ್ಯಕ್ಕೆ ಕನ್ನಡಕ ಸಾಕು, ಆಪರೇಷನ್ ಮಾತು ಮುಂದಿನ ತಪಾಸಣೆಯಲ್ಲಿ ನೋಡೋಣ, ಇಷ್ಟು ವರ್ಷ ಕನ್ನಡಕವಿಲ್ಲದೆ ಬಿಡಬಾರದಿತ್ತು ಎಂದು ಡಾಕ್ಟರಮ್ಮ ಹೇಳಿದರು.

ಕನ್ನಡಕ ಬಂದ ದಿನವೇ ದಾಕ್ಷಾಯಣಮ್ಮ ಅದನ್ನು ಹಾಕಿಕೊಂಡು ಜಗುಲಿಗೆ ಬಂದು ಚೂಡಾಮಣಿಯನ್ನು ಕೂಗಿ ಕರೆದು ಎಲ್ಲವನ್ನೂ ಹೇಳಿದರು. ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಕಣ್ಣು ಮಂಜು ಎಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಅವಳು ಕೇಳಿದಳು.

“ಕಳ್ಳಿ ಅಂದ್ರೆ ಆಟದಿಂದ ಬಿಡಿಸ್ತೀರಿ. ಕುರುಡಿ ಅಂದ್ರೆ ಬೀದಿಯಿಂದಾನೇ ಬಿಡಿಸ್ತೀರಿ,” ಎಂದರು ದಾಕ್ಷಾಯಣಮ್ಮ.

ಸಂಜೆ ಕೈಲಾಸ್ ಬಂದರು. ಬಸ್ಸಿನ ಸಂಗತಿಯನ್ನೂ ಆಕೆ ಮುಚ್ಚಿಡಲಿಲ್ಲ. ಕೈಲಾಸರ ಮುಖ ಬಿಳಿಚಿತು, ಬಳಿಕ ಕೋಪ ನನ್ನ ಕಡೆಗೆ ತಿರುಗಿತು. ನನ್ನನ್ನು ಕೇಳದೆ ನಮ್ಮಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ನೀವ್ಯಾರು ಎಂದರು. ಕೋಣೆ ಖಾಲಿ ಮಾಡಿ ಎಂದರು. ನಾಳೆಯಿಂದ ಅಮ್ಮ ಹೊರಗೆ ಕಾಲಿಡುವುದಿಲ್ಲ ಎಂದರು.

“ಅವನ್ನ ಕಳಿಸ್ತೀಯಾ, ಕಳಿಸು. ಕೋಣೆ ನಿನ್ನ ಕೈಲಿದೆ,” ಎಂದರು ತಾಯಿ. “ಕಣ್ಣು ನಂದು. ಪತ್ರೆಗೆ ನಾನೇ ಹೋಗ್ತೀನಿ. ನಿಂಗೆ ದಿಗಿಲಿದ್ರೆ ಹಿಂದೆ ಬಾ. ಮುಂದೆ ಬಂದು ನಿಲ್ಬೇಡ.”

ಮರುದಿನ ಬೆಳಿಗ್ಗೆ ಮಹಡಿಯಿಂದ ನೋಡಿದೆ. ಆಕೆ ಗೇಟು ತೆರೆದು ಹೊರಟರು. ಬಹುದೂರ ಬಿಟ್ಟು, ಅಂಗಡಿಯ ಬೀಗದ ಕೈ ಹಿಡಿದುಕೊಂಡು, ಮಗ ಹಿಂದೆ ಹೊರಟರು. ಹಿಂತಿರುಗಿದ ಮೇಲೆ ಕೈಲಾಸ್ ಮಹಡಿಗೆ ಬಂದು, ಕೇಳದೆ ಹೋದದ್ದು ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಇರಬಹುದು ಎಂದರು. ಮನುಷ್ಯ ಕೆಟ್ಟವರಲ್ಲ. ಆದರೆ ಅದು ತಪ್ಪಾಗಿರಲಿಲ್ಲ. ಇಂಥ ಸಂದರ್ಭ ಮತ್ತೆ ಬಂದರೂ ಕೇಳದೆಯೇ ಹೋಗುವೆನೆಂದು ವಿನಯದಿಂದ ತಿಳಿಸಿದೆ.

ಎರಡು ಅಂಗಿ, ಒಂದು ಪಂಚೆ, ಸ್ಟವ್ವು, ಮಾರಾಟವಾಗದ ಕಾದಂಬರಿಗಳು. ಇಷ್ಟನ್ನೂ ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶ್ರೀರಾಂಪುರದಲ್ಲಿ ಖಾಲಿ ಕೋಣೆಯೊಂದಿದೆಯೆಂದು ಯಾರೋ ಹೇಳಿದ್ದರು. ಗಂಟನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿದು, ಆ ದಿಕ್ಕಿಗೆ ಹೊರಟೆ.