ಕೆಳಗಿನ ಗೇಟು

ಗೇಟು ಮತ್ತೆ ಹಾರು ಹೊಡೆದಿತ್ತು. ಗಾಳಿಗೆ ತೆರೆದದ್ದಲ್ಲ. ಯಾರೋ ಪೂರ್ತಿ ಹಿಂದಕ್ಕೆ ತಳ್ಳಿ, ಹುಲ್ಲಿನ ಪಿಂಡಿ ಕಟ್ಟುವ ನೀಲಿ ಹುರಿಯಿಂದ ಕಂಬಕ್ಕೆ ಬಿಗಿದಿದ್ದರು. ಗಂಟು ಬಿಚ್ಚುವಷ್ಟು ತಾಳ್ಮೆ ಒಡೀಲ್‌ಗೆ ಎಂದೂ ಇರಲಿಲ್ಲ, ಅಂದು ಇರುವ ಮಾತೇ ಇಲ್ಲ. ಹುರಿಯನ್ನು ಜೇಬಿನ ಚಾಕುವಿನಿಂದ ಕೊಯ್ದು ಎಸೆದು, ಡಾಂಬರು ರಸ್ತೆಯ ಕಡೆಗೆ ಇಳಿಜಾರಿನಲ್ಲಿ ಓಡಿದಳು. ಲಾರಿಯ ಹಾರ್ನು ಕೇಳಿಯೇ ಅವಳು ಒಲೆಯ ಮೇಲಿನ ಸೂಪನ್ನು ಹಾಗೇ ಬಿಟ್ಟು ಬಂದದ್ದು.

ಅವರ ಮನೆಯ ಕೆಂಪು ಕಡಸುಗಳು ರಸ್ತೆಯ ಅಂಚಿನಲ್ಲಿ ಏನೂ ಆಗಿಲ್ಲವೆಂಬಂತೆ ಹುಲ್ಲು ಮೇಯುತ್ತಿದ್ದವು. ಒಂದು ಮಾತ್ರ ಮಲಗಿತ್ತು. ಚಾಲಕ ಲಾರಿಯ ಮೆಟ್ಟಿಲ ಮೇಲೆ ಕೂತು, ತಿರುವಿನಲ್ಲಿ ಕಾಣಲೇ ಇಲ್ಲವೆಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಒಡೀಲ್ ಅವನಿಗೆ ಬೈಯಲಿಲ್ಲ. ರಸ್ತೆಯ ಮೇಲೆಯೇ ಕೂತು ಕಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದನದ ಡಾಕ್ಟರು ಬಂದು ಸೂಜಿ ಚುಚ್ಚುವವರೆಗೂ ಅದರ ಕಿವಿಯ ಬುಡವನ್ನು ನೇವರಿಸುತ್ತಿದ್ದಳು.

ಅವಳು ಮನೆಗೆ ಮರಳಿದಾಗ ಅಣ್ಣ ಆನ್ಸೆಲ್ಮ್ ಅಂಗಳದಲ್ಲಿ ರಬ್ಬರು ಬೂಟು ಹಾಕಿಕೊಂಡು ನಿಂತಿದ್ದ. ಮದುವೆಯಾಗದ ಅಣ್ಣ, ಗಂಡ ಸತ್ತ ತಂಗಿ. ಲಾ ಶಸಾನ್ಯ ಹಳ್ಳಿಯ ಆ ಕಲ್ಲಿನ ಮನೆಯಲ್ಲಿ ಇಬ್ಬರೇ ದುಡಿದು ಇಬ್ಬರೇ ಉಣ್ಣುತ್ತಿದ್ದರು.

"ಯಾವುದು ಹೋಯ್ತು? ಬ್ರುನೆತ್ತಾ?" ಎಂದು ಕೇಳಿದ.

ಬ್ರುನೆತ್ ಹಳೆಯ ಕಾಲದ ಹಾಲಿನ ಹಸು. ಹಾಲಿನ ಗಾಡಿ ಈ ಕಡೆ ಬರುವುದನ್ನು ನಿಲ್ಲಿಸಿದ ವರ್ಷ ಹಾಲು ಕರೆಯುವ ಹಸುಗಳನ್ನೆಲ್ಲ ಮಾರಿದ್ದರು. ಅವುಗಳ ಜೊತೆ ಅದೂ ಹೋಗಿತ್ತು. ದುಃಖಕ್ಕೆ ಮನುಷ್ಯನ ಬಾಯಿ ತಪ್ಪುತ್ತದೆ ಅಂದುಕೊಂಡಳು ಒಡೀಲ್. ಆ ಹೊತ್ತಿನಲ್ಲಿ ಅವಳ ತಲೆಯ ತುಂಬ ಸೈಕಲ್ಲಿನವರೇ ಇದ್ದರು.

ಅವರ ಹುಲ್ಲುಗಾವಲಿನ ನಡುವೆ ಒಂದು ಊರದಾರಿ ಇತ್ತು. ಮೇಲಿನ ಕಾಡಿನಿಂದ ಇಳಿದು, ಮೇಲಿನ ಗೇಟಿನಿಂದ ಒಳಬಂದು, ಕೆಳಗಿನ ಗೇಟಿನಿಂದ ಹೊರಬಿದ್ದು, ಇವರ ಕೊಟ್ಟಿಗೆಯ ಮುಂದೆ ಹಾದು ರಸ್ತೆ ಸೇರುತ್ತಿತ್ತು. ಎಷ್ಟೋ ಕಾಲ ಮುಳ್ಳು ಬೆಳೆದು ಮುಚ್ಚಿಹೋಗಿದ್ದ ಅದನ್ನು ಊರಿನ ಕೌನ್ಸಿಲ್ಲು ಹೋದ ವಸಂತದಲ್ಲಿ ಬಿಡಿಸಿ, ಜಲ್ಲಿ ಹಾಸಿ, ಕಂಬಕ್ಕೊಂದು ಸೈಕಲ್ಲಿನ ಚಿತ್ರ ಹೊಡೆದಿತ್ತು. ಕಾರಿಲ್ಲ, ಸದ್ದಿಲ್ಲ ಎಂದು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಅವರ ದೆಸೆಯಿಂದ ಮಾಯ್ಲಿಸ್ ಎಂಬ ಹುಡುಗಿ ಮುಚ್ಚಿದ್ದ ಶಾಲೆಯಲ್ಲಿ ಕಾಫಿ ಅಂಗಡಿ ತೆರೆದು, ಪ್ಲಮ್ ಹಣ್ಣಿನ ಕಡುಬು ಮಾರಿ ಬದುಕುತ್ತಿದ್ದಳು. ಗೇಟು ಎರಡು ಸಲ ತೆರೆದುಬಿದ್ದಾಗಲೇ ಒಡೀಲ್ ಅವಳ ಅಂಗಡಿಗೆ ನುಗ್ಗಿ, ನಿನ್ನ ಗಿರಾಕಿಗಳಿಗೆ ಬಾಗಿಲು ಹಾಕುವುದನ್ನು ಅವರವ್ವಂದಿರು ಕಲಿಸಿಲ್ಲವೇ ಎಂದು ಎಲ್ಲರೆದುರು ಕೇಳಿ ಬಂದಿದ್ದಳು. ಈಗ ಮೇಯರು ರೆಜಿಸ್‌ನ ಮನೆಗೇ ಹೋದಳು. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅವನಿಗೆಂಥ ಮರ್ಯಾದೆ.

"ದಾರಿ ಮುಚ್ಚು. ಇಲ್ಲಾಂದ್ರೆ ನಾನೇ ಟ್ರಾಕ್ಟರ್ ತಂದು ಉತ್ಬಿಡ್ತೀನಿ."

ದಾರಿ ಮುಚ್ಚಿದರೆ ಮಾಯ್ಲಿಸ್ ಅಂಗಡಿಯನ್ನೂ ಮುಚ್ಚಬೇಕಾಗುತ್ತದೆ ಎಂದ ರೆಜಿಸ್. ಒಂದು ಜೀವ ಹೋಗಿದೆ, ನೀನು ಕಾಫಿಯ ಮಾತಾಡುತ್ತೀಯಲ್ಲ ಎಂದಳು. ಕೊನೆಗೆ ಅವನು, ಶುಕ್ರವಾರ ಕೌನ್ಸಿಲ್ಲಿನ ಸಭೆಯಿದೆ, ಅಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡೋಣ ಎಂದ. ಯಾರ ಕೈ ಯಾವ ಕಡೆ ಏಳುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸತ್ತ ಕಡಸನ್ನು ಊರೆಲ್ಲ ನೋಡಿತ್ತು.

ಗುರುವಾರ ಸಂಜೆ ಒಡೀಲ್ ಕೆಳಗಿನ ಗೇಟಿನ ಪಕ್ಕದ ಬೇಲಿಯಲ್ಲಿ, ಹೇಜಲ್ ಪೊದೆಗಳ ಹಿಂದೆ ಅವಿತು ಕೂತಳು. ಒಬ್ಬನನ್ನಾದರೂ ಕೈಯಾರೆ ಹಿಡಿದು ಸಭೆಗೆ ಎಳೆದೊಯ್ಯಬೇಕೆಂಬ ಹಟ. ಸೊಂಟ ನೋಯುತ್ತಿತ್ತು, ತುರಚನ ಗಿಡ ಮೊಣಕೈ ಸುಡುತ್ತಿತ್ತು.

ಮೇಲಿನಿಂದ ಜಲ್ಲಿಯ ಸದ್ದು ಬಂತು. ತಲೆ ನರೆತ ಗಂಡ ಹೆಂಡತಿ, ಸೈಕಲ್ಲಿನ ಎರಡೂ ಮಗ್ಗುಲಲ್ಲಿ ಚೀಲ. ಗಂಡ ಇಳಿದು ಗೇಟು ತೆಗೆದು, ಹೆಂಡತಿಯನ್ನು ಬಿಟ್ಟು, ತಾನೂ ದಾಟಿ ಅಗುಳಿ ಹಾಕಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಅಗುಳಿಯನ್ನು ಅಲುಗಾಡಿಸಿ ನೋಡಿದ. ಒಡೀಲ್‌ಗೆ ಯಾರೋ ಕೈಯಲ್ಲಿದ್ದುದನ್ನು ಕಿತ್ತುಕೊಂಡಂತಾಯಿತು. ಆಮೇಲೆ ಬಂದ ಒಂಟಿ ಹುಡುಗಿಯೂ ಹಾಗೇ ಮಾಡಿದಳು.

ಇಗರ್ಜಿಯ ಗಂಟೆ ಬಾರಿಸುವ ಹೊತ್ತಿಗೆ ಆನ್ಸೆಲ್ಮ್ ಬಂದ. ಕೈಯಲ್ಲಿ ಹೇಜಲ್ ಕೋಲು, ಕಾಲಲ್ಲಿ ರಬ್ಬರು ಬೂಟು. ಅಗುಳಿ ಎತ್ತಿ, ಗೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಜೇಬಿನಿಂದ ನೀಲಿ ಹುರಿ ತೆಗೆದು ಕಂಬಕ್ಕೆ ಬಿಗಿದ. ಎರಡು ಸುತ್ತು, ಒಂದು ಕುಣಿಕೆ. ಅದು ಅವರಪ್ಪನ ಗಂಟು. ಒಡೀಲ್‌ಗೂ ಬರುತ್ತಿದ್ದ ಗಂಟು. ಮೂರು ಸಲವೂ ಅವಳು ಅದನ್ನು ನೋಡದೆ ಕೊಯ್ದಿದ್ದಳು.

ಆನ್ಸೆಲ್ಮ್ ಬಾಯಿಗೆ ಕೈ ಅಡ್ಡ ಹಿಡಿದು ಮಾರ್ಕೀಸ್, ಶಾರ್ಮಾಂತ್, ನುವಾಸೆತ್ ಎಂದು ಮಾರಿಹೋದ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕೂಗಿದ. ಹಾಲು ಕರೆಯುವ ಹೊತ್ತಿನ ಹಳೆಯ ರಾಗ. ಆ ದನಿಗೆ ಕಡಸುಗಳು ತಲೆಯೆತ್ತಿ ಗೇಟಿನ ಕಡೆ ಹೊರಟವು. ಒಡೀಲ್ ಬೇಲಿಯಿಂದ ಎದ್ದು ಬಂದು, ತೋಳು ಚಾಚಿ ಅಡ್ಡ ನಿಂತು ಅವನ್ನು ತಿರುಗಿಸಿದಳು.

"ಬೇಲೀಲಿ ಏನ್ಮಾಡ್ತಿದ್ದೆ ತಂಗಿ?"

"ಏನಿಲ್ಲಣ್ಣ."

"ಬ್ರುನೆತ್ ಹಿಂದೆ ಉಳ್ಕೊಂಡಿದೆ. ಅದಕ್ಕೆ ಕಾಲು ನೋವು. ಹೊಡೀಬೇಡ, ಮಾತಾಡಿಸ್ಕೊಂಡು ಕರ್ಕೊಂಡು ಬಾ."

ಅವನು ಮುಂದೆ ನಡೆದ. ಒಡೀಲ್ ಗಂಟು ಬಿಚ್ಚಿ ಗೇಟು ಹಾಕಿಕೊಂಡು ಹಿಂದೆ ಹೋದಳು. ಆನ್ಸೆಲ್ಮ್ ಕೊಟ್ಟಿಗೆಯ ಬಾಗಿಲು ತೆಗೆದ. ಒಳಗೆ ಸೂರಿನ ತನಕ ಹುಲ್ಲಿನ ಪಿಂಡಿಗಳು, ಮೂಲೆಯಲ್ಲಿ ಸೌದೆ. ಅವನು ಬಾಗಿಲಲ್ಲೇ ನಿಂತುಬಿಟ್ಟ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಒಡೀಲ್ ಇದ್ದದ್ದನ್ನು ಹೇಳಿದಳು. ಹಸುಗಳನ್ನು ಮಾರಿ ಬಹಳ ವರ್ಷವಾಯಿತು, ಅಂದು ಗಾಡಿಗೆ ಹತ್ತಿಸಿದವನು ನೀನೇ ಎಂದಳು.

"ಎಲ್ಲಾನೂ?"

"ಎಲ್ಲಾನೂ."

"ನಂಗೆ ಯಾರೂ ಹೇಳ್ಲೇ ಇಲ್ಲ," ಎಂದ ಆನ್ಸೆಲ್ಮ್. ಹೇಳಿ, ಹೊಸ್ತಿಲ ಮೇಲೆ ಕುಸಿದು ಕೂತು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅವ್ವ ಸತ್ತಾಗಲೂ ಅಳದವನು. ಊಟದ ಹೊತ್ತಿಗೆ ಅವನಿಗೆ ಹಸುಗಳ ಮಾತು ಮರೆತುಹೋಗಿತ್ತು. ಆದರೆ ಸಂಕಟ ಹೋಗಿರಲಿಲ್ಲ. ತನಗೆ ಯಾಕಿಷ್ಟು ಬೇಸರವಾಗುತ್ತಿದೆ ಎಂದು ತಂಗಿಯನ್ನೇ ಕೇಳಿದ. ಒಡೀಲ್ ಬ್ರೆಡ್ಡು ಕೊಯ್ಯುತ್ತಲೇ ಇದ್ದಳು; ಇಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚು ಕೊಯ್ದಳು.

ಶುಕ್ರವಾರ ಸಭೆಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಮಾಯ್ಲಿಸ್ ಕೊನೆಯ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದಳು, ಆಗಲೇ ಅಂಗಡಿಗೆ ಬೀಗ ಹಾಕಿ ಬಂದವಳಂತೆ. ರೆಜಿಸ್ ಕನ್ನಡಕ ಏರಿಸಿಕೊಂಡು, ದೂರನ್ನು ನೀನೇ ಹೇಳುತ್ತೀಯೋ ಎಂದು ಒಡೀಲ್‌ಳನ್ನು ಕೇಳಿದ.

ಅವಳು ಎದ್ದು ನಿಂತಳು. ಬರುವ ದಾರಿಯುದ್ದಕ್ಕೂ ಎರಡು ಮಾತು ಅವಳ ಬಾಯಿಯಲ್ಲಿ ಹೊರಳಿದ್ದವು. ಗೇಟು ತೆಗೆದವನು ಅಣ್ಣ ಎಂದರೆ ನಾಳೆಯಿಂದ ಊರು ಅವನನ್ನು ಮಗುವಿನಂತೆ ನೋಡುತ್ತದೆ. ಟ್ರಾಕ್ಟರಿನ ಬೀಗದ ಕೈ ಕಸಿದುಕೋ ಎನ್ನುತ್ತದೆ, ಅವನ ಕಣ್ಣೆದುರೇ ಅವನ ಬಗ್ಗೆ ಪಿಸುಗುಟ್ಟುತ್ತದೆ. ಸುಮ್ಮನಿದ್ದರೆ ದಾರಿ ಮುಚ್ಚುತ್ತದೆ.

"ಗೇಟು ತೆಗ್ದೋಳು ನಾನೇ," ಎಂದಳು. "ತೆಗ್ದೆ, ಕಟ್ಟಿದೆ, ಮರ್ತೆ. ದಾರಿ ಇರ್ಲಿ."

ಬೇಟೆಗಾರರ ಸಂಘದ ಗಾಸ್ಪಾರ್ ಬಿಡಲಿಲ್ಲ.

"ಮೂರು ಸಲಾನೂ ನೀನೇನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದೆಯಲ್ಲೇ ತಾಯಿ."

ಸಭೆ ನಕ್ಕಿತು. ಬೇರೆ ದಿನವಾಗಿದ್ದರೆ ಅವನ ಅಪ್ಪ ಅಜ್ಜಂದಿರನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಅಂದು ನಗುವಷ್ಟು ನಗಲೆಂದು ಬಿಟ್ಟು ಕೂತಳು. ಹೊರಡುವಾಗ ಮಾಯ್ಲಿಸ್‌ಳ ಮುಂದೆ ನಿಂತು, ಅಂದು ಅಂಗಡಿಯಲ್ಲಿ ಆಡಿದ್ದು ತಪ್ಪಾಯಿತು ಎಂದಳು. ಗೋಡೆಯ ಮೇಲೆ ಬರೆದದ್ದನ್ನು ಓದುವವಳ ಹಾಗೆ ಬಿರುಸಾಗಿ ಹೇಳಿ ಹೊರಬಿದ್ದಳು.

ರೆಜಿಸ್ ಮೆಟ್ಟಿಲ ತನಕ ಬಂದ.

"ಆನ್ಸೆಲ್ಮ್ ಹೇಗಿದಾನೆ?"

"ಚೆನ್ನಾಗಿದಾನೆ. ಯಾಕೆ?"

"ಸುಮ್ನೆ ಕೇಳ್ದೆ ಕಣೆ."

ಶನಿವಾರ ಬೆಳಿಗ್ಗೆ ಅವಳು ಕಡಸುಗಳನ್ನೆಲ್ಲ ಕಾಡಿನ ಅಂಚಿನ ಹೊಲಕ್ಕೆ ಅಟ್ಟಿ, ಆ ಗೇಟಿಗೆ ಸರಪಳಿ ಹಾಕಿದಳು. ಮಧ್ಯಾಹ್ನ ಕೊಟ್ಟಿಗೆಯ ಪಿಂಡಿಗಳನ್ನು ಒಂದು ಮಗ್ಗುಲಿಗೆ ಎಳೆದು, ಗೋದಲಿಯ ಉದ್ದಕ್ಕೂ ಹೊಸ ಹುಲ್ಲು ಹರಡಿದಳು. ಸಂಜೆ ಇಗರ್ಜಿಯ ಗಂಟೆಗೆ ಆನ್ಸೆಲ್ಮ್ ಬೂಟು ಹಾಕಿಕೊಳ್ಳುವಾಗ ತಾನೂ ಹಾಕಿಕೊಂಡಳು.

ಅವನು ಗೇಟು ತಳ್ಳಿದ, ಅವಳು ನೀಲಿ ಹುರಿ ಕಟ್ಟಿದಳು. ಎರಡು ಸುತ್ತು, ಒಂದು ಕುಣಿಕೆ. ಅಣ್ಣ ಕೂಗಿದ. ಖಾಲಿ ಹುಲ್ಲುಗಾವಲಿನಲ್ಲಿ ಬಿಸಿಲು ಓರೆಯಾಗಿ ಬಿದ್ದಿತ್ತು. ಅವನು ಕೋಲನ್ನು ಭುಜಕ್ಕಿಟ್ಟು ಮುಂದೆ ನಡೆದ. ಒಡೀಲ್ ನಾಲ್ಕು ಮಾರು ಹಿಂದೆ, ಕಾಲು ನೋವಿನ ಹಸು ನಡೆಯುವಷ್ಟೇ ನಿಧಾನವಾಗಿ ಬಂದಳು.

ಕೆಳಗಿನಿಂದ ಏರಿ ಬರುತ್ತಿದ್ದ ಸೈಕಲ್ಲಿನವನೊಬ್ಬ ಇವರನ್ನು ಕಂಡು ಬ್ರೇಕು ಹಿಡಿದ. ಇಳಿದು ಸೈಕಲ್ಲನ್ನು ಬೇಲಿಗೆ ಒತ್ತರಿಸಿಕೊಂಡು ದಾರಿ ಬಿಟ್ಟ. ಆನ್ಸೆಲ್ಮ್ ಟೋಪಿ ಮುಟ್ಟಿ ಮುಂದೆ ಹೋದ. ಸೈಕಲ್ಲಿನವನು ಒಡೀಲ್‌ಳ ಹಿಂದೆ ಕತ್ತು ಚಾಚಿ, ದನಗಳು ಎಲ್ಲಿ ಎಂದು ನೋಡಿದ. ಒಡೀಲ್ ಅವನಿಗೆ ಕೈಯೆತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿದಳು.

ಅವನು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು, ಅಲುಗಾಡದೆ ಕಾದು ನಿಂತ.