ಗೋಣಿಯ ಗುರುತು

ಆಸರೆಗೆ ಕೊಟ್ಟಿದ್ದ ಹಲಗೆ ಬಿಚ್ಚುತ್ತಲೇ ಕಿಟಕಿಯ ಮೇಲಿನ ಕಾಂಕ್ರೀಟಿನ ಛಜ್ಜಾ ಅರ್ಧಕ್ಕೆ ಮುರಿದು ಬಿತ್ತು. ಯಾರಿಗೂ ತಾಕಲಿಲ್ಲ, ಪುಣ್ಯ. ಗೌಂಡಿ ಶರೀಫಸಾಬ ಒಂದು ತುಂಡು ಎತ್ತಿ ಹಿಚುಕಿದ. ಕೈಯಲ್ಲೇ ಪುಡಿಯಾಯಿತು.

ಧಾರವಾಡದಲ್ಲಿ ಮೂವತ್ತು ವರ್ಷ ಸುಣ್ಣದ ಗಚ್ಚಿನಲ್ಲಿ ಮನೆ ಕಟ್ಟಿದವನು ಅವನು. ಸಿಮೆಂಟು ಆಗಷ್ಟೇ ಊರಿಗೆ ಬಂದಿತ್ತು. ಅವನ ಕೈಗೆ ಇದೇ ಮೊದಲು.

ಮನೆ ಕಟ್ಟಿಸುತ್ತಿದ್ದ ವಕೀಲ ತ್ರ್ಯಂಬಕರಾಯರು ಓಡಿ ಬಂದರು. "ಶರೀಫಾ, ಛಜ್ಜಾ ಕಟ್ಟೀಯೋ, ಬೇಸನ್ ಉಂಡಿ ಕಟ್ಟೀಯೋ?"

ಕೆಲಸದವರೆಲ್ಲ ಕಿಸಕ್ಕನೆ ನಕ್ಕರು. ಆ ನಗೆ ಶರೀಫಸಾಬನ ನೆತ್ತಿಗೇರಿತು.

"ಸಾವಕ್ಕ ಕಲಸಿದ್ದ್ರಿ ರಾಯರ. ಉಸುಕು ಹೆಚ್ಚಿಗಿ ಹಾಕ್ಯಾಳ."

ಬಾಯಿಂದ ಬಿದ್ದೇ ಹೋಯಿತು. ಹನ್ನೆರಡು ವರ್ಷದಿಂದ ಅವನಿಗೆ ಗಚ್ಚು ಕಲಸಿಕೊಡುತ್ತಿದ್ದ ಸಾವಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಿ ಅವನ ಮುಖ ನೋಡಿದಳು.

ನಡೆದದ್ದು ಇಬ್ಬರಿಗೂ ಗೊತ್ತಿತ್ತು. ಗಚ್ಚನ್ನು ಸಂಜೆ ಕಲಸಿ, ಒದ್ದೆ ಗೋಣಿ ಹೊದಿಸಿ, ಮುಂಜಾನೆಯವರೆಗೆ ಹದಕ್ಕೆ ಬಿಡುವುದು ಅವನ ಅಪ್ಪ ಕಲಿಸಿದ ರೀತಿ. ಛಜ್ಜಾದ ಸಿಮೆಂಟಿಗೂ ಹಾಗೇ ಮಾಡಿಸಿದ್ದ. ಮುಂಜಾನೆ ಸಾವಕ್ಕ ಸಲಿಕೆ ಹಾಕಿದರೆ ಠಣ್ ಎಂದಿತ್ತು.

"ಗೌಂಡ್ಯಾರ, ಇದು ಕಲ್ಲಾಗೇತ್ರಿ. ಚೆಲ್ಲಿ ಹೊಸಾದು ಕಲಸತೇನಿ."

"ನೀ ಬುಟ್ಟಿ ಹೊರೂದು ಕಲಿಯೋಕಿಂತ ಮೊದಲ ನಾ ಕರಣಿ ಹಿಡದಾಂವ. ಒಡದು ನೀರು ಹಾಕು, ಸಾಕು!"

ಅವಳು ಒಡೆದು ನೀರು ಹಾಕಿದ್ದಳು. ಒಡೆಯಲಾಗದ ಒಂದು ದೊಡ್ಡ ಗಟ್ಟಿಯನ್ನು ಗೋಡೆಯ ಬದಿಗೆ ಉರುಳಿಸಿದ್ದಳು.

"ನಾಳಿಂದ ನೀ ಬರಬ್ಯಾಡವಾ," ಎಂದರು ರಾಯರು. "ಊರಾಗ ಯಾರೂ ನಿನ್ನ ಕೆಲಸಕ್ಕ ಕರೀದಂಗ ಹೇಳತೇನಿ."

ಆಗಲಾದರೂ ಹೇಳಬೇಕಿತ್ತು. ಹೇಳಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಶರೀಫಸಾಬ ರುಮಾಲು ಬಿಚ್ಚಿ ಸುತ್ತಿದ, ಮತ್ತೆ ಬಿಚ್ಚಿದ. ರಾಯರು ಒಳಗೆ ಹೋದರು.

ಸಾವಕ್ಕ ಜಗಳಕ್ಕೆ ನಿಲ್ಲಲಿಲ್ಲ. ಬೈದಿದ್ದರೆ ಅವನೂ ಬೈಯುತ್ತಿದ್ದ, ಅದು ಸುಲಭವಿತ್ತು. ಅವಳು ದಿನದಂತೆ ಅವನ ಕರಣಿಯನ್ನು ತೊಳೆದು ತಂದು ಆ ಗಟ್ಟಿಯ ಮೇಲೆ ಇಟ್ಟಳು.

"ತೊಳದೇನ್ರಿ," ಎಂದು ತನ್ನೂರು ಅಮ್ಮಿನಬಾವಿಯ ದಾರಿ ಹಿಡಿದಳು.

ಕರಣಿಯ ನೀರು ಗಟ್ಟಿಯ ಮೇಲೆ ಹರಿಯಿತು. ಅದರ ಮೈಮೇಲೆ ಆ ರಾತ್ರಿ ಹೊದಿಸಿದ್ದ ಗೋಣಿಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿತ್ತು. ಆ ಗೆರೆಗಳಲ್ಲಿ ನೀರು ನಿಂತು ಹೊಳೆಯಿತು.

ಒಳಗಿನಿಂದ ರಾಯರ ಚಪ್ಪಲಿಯ ಸಪ್ಪಳ ಮತ್ತೆ ಕೇಳಿತು. ಶರೀಫಸಾಬ ಕರಣಿ ಎತ್ತಿಕೊಂಡು ಗಟ್ಟಿಯ ಮೇಲೆ ಕೂತುಬಿಟ್ಟ. ತಣ್ಣನೆಯ ನೀರು ಮೆಲ್ಲಗೆ ಅವನ ದೋತರಕ್ಕೆ ಇಳಿಯತೊಡಗಿತು.